ಕೊಬ್ಬರಿ ಶೆಡ್ಡಿನಲ್ಲಿ ಅಥೆನ್ಸು

ನನಗೊಂದು ಕೆಟ್ಟ ಅಭ್ಯಾಸವಿದೆ. ಎಲ್ಲಿ ಒಡೆದ ಕರಟ ಬಿದ್ದಿದ್ದರೂ ಅದನ್ನು ಎತ್ತಿ, ಮಗುಚಿ, ಒಳಗಡೆ ಒಮ್ಮೆ ನೋಡಲೇಬೇಕು, ಯಾರಾದರೂ ಏನಾದರೂ ಗೀಚಿದ್ದಾರೋ ಎಂದು. ನೆಂಟರ ಮನೆಯ ಹಿತ್ತಲು, ಮದುವೆಮನೆಯಲ್ಲಿ ಅಡುಗೆಯವರು ರಾಶಿ ಹಾಕಿದ ಮೂಲೆ, ಈಡುಗಾಯಿ ಒಡೆಯುವ ಕಲ್ಲಿನ ಸುತ್ತಮುತ್ತ, ಯಾವುದನ್ನೂ ಬಿಟ್ಟವಳಲ್ಲ. ಒಮ್ಮೆ ಸಂಪಿಗೆ ಎಂಬ ಊರಲ್ಲಿ ಶ್ರೀನಿವಾಸನ ಗುಡಿಯ ಮುಂದೆ ಹೀಗೆ ಬಗ್ಗಿ ಹುಡುಕುತ್ತಿದ್ದಾಗ ಯಾರೋ ಒಬ್ಬಾಕೆ ಕನಿಕರಪಟ್ಟು, “ಪಾಪ, ಹಸ್ದಿದ್ದೀರೇನೋ, ತಗಳಿ” ಎಂದು ತನ್ನ ಕೈಲಿದ್ದ ಹೋಳನ್ನೇ ಕೊಟ್ಟುಬಿಟ್ಟಳು. ತೆಗೆದುಕೊಂಡು ತಿಂದೆ. ಬೇಡವೆನ್ನಬೇಕಾದರೆ ವಿವರಣೆ ಕೊಡಬೇಕಾಗಿತ್ತು, ಆ ವಿವರಣೆ ಅಥೆನ್ಸಿನಿಂದ ಶುರುವಾಗುತ್ತಿತ್ತು. ಅಷ್ಟು ಹೊತ್ತು ಬಿಸಿಲಲ್ಲಿ ಯಾರು ನಿಲ್ಲುತ್ತಾರೆ?

ನೀವು ನೆರಳಲ್ಲಿ ಕೂತಿದ್ದೀರಿ ಎಂದುಕೊಂಡು ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ನಡುಭಾಗ. ನಾನು ಬಿ.ಎಡ್. ಮುಗಿಸಿ, ಬಿಳಿಗೆರೆ ಪಕ್ಕದ ನಮ್ಮ ಹಳ್ಳಿಯಲ್ಲಿ ಹೈಸ್ಕೂಲು ಮೇಡಮ್ಮಾಗುವ ಪರೀಕ್ಷೆಗೆ ಓದಿಕೊಂಡು ಕೂತಿದ್ದೆ. ಕೂತಿದ್ದೆ ಎಂದರೆ ತಪ್ಪು. ಕೂತು ಓದಿದರೆ ನನಗೆ ತಲೆಗೆ ಹತ್ತುವುದಿಲ್ಲ. ಅತ್ತಿಂದಿತ್ತ ಶತಪಥ ಹಾಕುತ್ತ, ನೆರೆಹೊರೆಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದಬೇಕು. ಇತಿಹಾಸ ನನ್ನ ವಿಷಯ, ಅದರಲ್ಲೂ ಪ್ರಾಚೀನ ಗ್ರೀಕರೆಂದರೆ ಪ್ರಾಣ. ತಿಪಟೂರಿನಿಂದಾಚೆ ನಾನು ನೋಡಿದ್ದು ತುಮಕೂರು ಒಂದೇ. ಆದರೆ ಅಥೆನ್ಸಿನ ಪೇಟೆಬೀದಿಯ ಬಗ್ಗೆ ಕೇಳಿದ್ದರೆ ನಾನು ಅಲ್ಲಿ ವಾರವಾರ ಸಂತೆ ಮಾಡುವವಳ ಹಾಗೆ ಹೇಳುತ್ತಿದ್ದೆ. ಅಮ್ಮ ಮೂರು ದಿನ ಸಹಿಸಿಕೊಂಡಳು. ನಾಲ್ಕನೆಯ ದಿನ, ಸ್ಪಾರ್ಟಾದಲ್ಲಿ ಗಂಡುಮಕ್ಕಳನ್ನು ಏಳನೆಯ ವಯಸ್ಸಿಗೇ ತಾಯಿಯಿಂದ ಬಿಡಿಸಿ ಸೈನ್ಯದ ಬಿಡಾರಕ್ಕೆ ಕರೆದೊಯ್ಯುತ್ತಿದ್ದರು ಎಂಬುದನ್ನು ಕೇಳುತ್ತ ನಿಂತವಳ ಮುಂದೆ ಹಾಲು ಉಕ್ಕಿ ಒಲೆಗೆ ಹೋಯಿತು.

“ಆ ಹೆತ್ತವ್ವಂದ್ರ ಹೊಟ್ಟೆ ಎಷ್ಟ್ ಉರ್ದಿರ್ಬೇಕು! ಇಂಥದ್ನೆಲ್ಲ ನನ್ ಮುಂದೆ ಓದ್ಬೇಡ ಕಣೇ. ಹೋಗು, ಶೆಡ್ಡಲ್ಲೋಗಿ ಓದ್ಕೊ” ಎಂದು ನನ್ನನ್ನೂ ಗ್ರೀಕರನ್ನೂ ಹೊರಗೆ ಹಾಕಿದಳು.

ಶೆಡ್ಡೆಂದರೆ ಮನೆಯ ಹಿಂದಿನ ಕೊಬ್ಬರಿ ಶೆಡ್ಡು. ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ, ಬೇರೆಯವರಿಗಾಗಿ ಎರಡು ಮಾತು. ಕಾಯಿಯನ್ನು ಅಟ್ಟದ ಮೇಲೆ ಹಾಕಿ ವರ್ಷದ ಹತ್ತಿರ ಮರೆತುಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ, ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಆಮೇಲೆ ಗಂಡಸರು ಮಟ್ಟೆ ಸುಲಿದು ರಾಶಿ ಹಾಕುತ್ತಾರೆ. ಹೆಂಗಸರು ಕೂತು, ಮಚ್ಚಿನಲ್ಲಿ ತಟ್ಟಿ, ಕರಟ ಬಿಡಿಸಿ ಉಂಡೆ ತೆಗೆಯುತ್ತಾರೆ. ಏಟು ಒಂಚೂರು ಹೆಚ್ಚಾದರೆ ಉಂಡೆ ಒಡೆದು ಹೋಳಾಗುತ್ತದೆ. ಹೋಳಿಗೆ ಮರ್ಯಾದೆಯಿಲ್ಲ, ಗಾಣಕ್ಕೆ ಹೋಗುತ್ತದೆ. ಇದೇನು ಮಹಾ ಎಂದು ನಾನೂ ಒಮ್ಮೆ ಕೈಹಾಕಿದ್ದೆ. ಐದು ಕಾಯಲ್ಲಿ ಐದೂ ಗಾಣಕ್ಕೆ ಹೋದವು, ನನ್ನ ಹೆಬ್ಬೆರಳು ಡಾಕ್ಟರ ಹತ್ತಿರ ಹೋಯಿತು.

ಕೆಲಸಕ್ಕೆ ಎಂಟು ಜನ ಹೆಂಗಸರು ಬರುತ್ತಿದ್ದರು. ಅವರಲ್ಲಿ ಇಬ್ಬರನ್ನು ನೀವು ಗೊತ್ತುಮಾಡಿಕೊಂಡರೆ ಸಾಕು. ಒಬ್ಬಳು ಕೆಂಪಮ್ಮ, ಶೆಡ್ಡಿನ ನಟ್ಟನಡುವೆ ಕೂರುವವಳು. ಅವಳ ಬಾಯಿ ನಿಂತರೆ ಅಮ್ಮ ಗಾಬರಿಯಾಗಿ ಅಡುಗೆಮನೆಯಿಂದ “ಏನಾಯ್ತು?” ಎಂದು ಓಡಿಬರುತ್ತಿದ್ದಳು. ಇನ್ನೊಬ್ಬಳು ಸಿದ್ಗಂಗಮ್ಮ, ಬಾಗಿಲ ಪಕ್ಕದಲ್ಲಿ ಒಬ್ಬಳೇ ಕೂರುವವಳು. ಐವತ್ತರ ಹತ್ತಿರದ ವಯಸ್ಸು, ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳನ್ನು ಹುಳಿಯಾರಿನ ಕಡೆ ಕೊಟ್ಟಿದ್ದಳು. ಅವಳು ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಉಂಡೆ ಆಡುವ ಸದ್ದು ಕೇಳಿ, ಎಲ್ಲಿ ತಟ್ಟಬೇಕೆಂದು ತಿಳಿದುಕೊಂಡು, ಎರಡೇ ಎರಡು ಏಟು ಹಾಕುತ್ತಿದ್ದಳು. ಕರಟ ಬಟ್ಟಲಾಗಿ ಬಿಚ್ಚಿಕೊಂಡು ಉಂಡೆ ಮಡಿಲಿಗೆ ಉರುಳುತ್ತಿತ್ತು.

ಅಪ್ಪ ದಿನಾ ಸಂಜೆ ಬಂದು, ಅವಳ ರಾಶಿಯಿಂದ ಒಂದು ಉಂಡೆ ಎತ್ತಿ, ಉಳಿದ ಏಳು ಜನರಿಗೂ ತೋರಿಸಿ, “ನೋಡ್ರಮ್ಮ, ಕೆಲ್ಸ ಅಂದ್ರೆ ಇದು. ಸಿದ್ಗಂಗಮ್ಮನ್ನ ನೋಡಿ ಕಲ್ತ್ಕೊಳ್ರಿ” ಎನ್ನುತ್ತಿದ್ದರು. ದಿನಾ. ವಿಭೂತಿ ಹಚ್ಚಿಕೊಳ್ಳುವುದನ್ನು ಮರೆತಾರು, ಇದನ್ನು ಮರೆಯರು.

ಇಂಥ ಸಭೆಯಲ್ಲಿ ನಾನು ಗ್ರೀಕರನ್ನು ಬಿಚ್ಚಿದೆ. ಒಂದು ವಾರದಲ್ಲಿ ಹೆಂಗಸರಿಗೆಲ್ಲ ಒಲಿಂಪಸ್ ಬೆಟ್ಟದ ಮೇಲಿನ ಮನೆಮನೆಯ ಸುದ್ದಿಯೂ ಗೊತ್ತಾಯಿತು. ದೇವತೆಗಳ ದೊರೆ ಸ್ಯೂಸ್ ಒಮ್ಮೆ ಗೂಳಿಯಾಗಿ, ಒಮ್ಮೆ ಹಂಸವಾಗಿ ವೇಷ ಹಾಕಿಕೊಂಡು ಕಂಡವರ ಮನೆಯ ಹೆಣ್ಣುಮಕ್ಕಳ ಹಿಂದೆ ಹೋದನೆಂದು ಕೇಳಿ ಕೆಂಪಮ್ಮ ಮಚ್ಚು ಕೆಳಗಿಟ್ಟಳು.

“ಅವ್ನ ಎಂಡ್ತಿ ಸುಮ್ಕಿದ್ಲಾ?”

“ಇಲ್ಲ ಕೆಂಪಮ್ಮ, ಅವಳು ಆ ಹುಡುಗೀರಿಗೇ ಶಾಪ ಕೊಡ್ತಿದ್ದಳು.”

“ನೋಡ್ದಾ! ತೆಪ್ಪು ಗಂಡುಂದು, ಶಾಪ ಎಣ್ಗೆ. ದೇವ್ಲೋಕ್ದಾಗೂ ಇದೇ ನ್ಯಾಯ ಅಂದ್ಮ್ಯಾಕೆ ನಾವ್ ಯಾರ್ತಾವ ಯೇಳ್ಕಳನ!” ಎಂದು ಸಿಟ್ಟನ್ನೆಲ್ಲ ಮುಂದಿನ ಕಾಯಿಯ ಮೇಲೆ ಹಾಕಿದಳು. ಅದು ಗಾಣಕ್ಕೆ ಹೋಯಿತು.

ಡೆಲ್ಫಿಯ ಗುಡಿಯಲ್ಲಿ ದೇವರನ್ನು ಪ್ರಶ್ನೆ ಕೇಳುತ್ತಿದ್ದರು, ಆ ದೇವರು ಹೇಳಿದ್ದು ಹೌದೋ ಅಲ್ಲವೋ ಯಾರಿಗೂ ತಿಳಿಯುತ್ತಿರಲಿಲ್ಲ ಎಂದಾಗ ಒಬ್ಬರೂ ಬೆರಗಾಗಲಿಲ್ಲ. ನಮ್ಮಲ್ಲಿ ದೇವರ ಬಲಗಡೆ ಹೂ ಬಿದ್ದರೆ ಆಗುತ್ತದೆ, ಎಡಗಡೆ ಬಿದ್ದರೆ ಇಲ್ಲ. “ನಮ್ ದೇವ್ರೇ ವಾಸಿ ಬುಡು, ಸುತ್ತಿಬಳ್ಸಿ ಮಾತಾಡಲ್ಲ” ಎಂದು ಶೆಡ್ಡು ತೀರ್ಮಾನ ಕೊಟ್ಟಿತು. ಅಥೆನ್ಸ್ ಯಾರಿಗೆ ಸೇರಬೇಕೆಂದು ಸಮುದ್ರದ ದೇವರಿಗೂ ಅಥೀನಾ ದೇವಿಗೂ ಪೈಪೋಟಿ ನಡೆದು, ಅವನು ಉಪ್ಪುನೀರಿನ ಚಿಲುಮೆ ಕೊಟ್ಟ, ಅವಳು ಆಲಿವ್ ಮರ ಕೊಟ್ಟಳು, ಊರು ಅವಳದಾಯಿತು ಎಂದೂ ಓದಿದೆ. ಆಲಿವ್ ಎಂದರೇನೆಂದು ಕೇಳಿದರು. ಅದನ್ನು ನಾನೆಲ್ಲಿ ಕಂಡಿದ್ದೆ? ಕಾಯಿ ತಿಂತಾರೆ, ಎಣ್ಣೆ ತೆಗೀತಾರೆ, ತಲೆಗೆ ಮೈಗೆ ಹಚ್ಕೋತಾರೆ, ದೀಪಕ್ಕೂ ಹಾಕ್ತಾರೆ ಎಂದೆ.

“ತೆಂಗಿನ್ಮರ ಅನ್ನು ಮತ್ತೆ ನಿಮ್ಲವ್ವ, ಅದ್ಕ್ಯಾಕ್ ಇಷ್ಟ್ ತಿಣುಕ್ತೀಯ?” ಎಂದಳು ಕೆಂಪಮ್ಮ. ಅಂದಿನಿಂದ ಅಥೀನಾ ನಮ್ಮ ಶೆಡ್ಡಿಗೆ ತೆಂಗಿನಮ್ಮ.

ಹೀಗೆ ನಗುನಗುತ್ತ ಇದ್ದವಳು ನಾನು ಆ ಒಂದು ಪಾಠ ಓದಬಾರದಾಗಿತ್ತು. ಅಥೆನ್ಸಿನವರು ವರ್ಷಕ್ಕೊಮ್ಮೆ ಸೇರಿ, ಊರಿಗೆ ಯಾರು ಭಾರವಾಗಿದ್ದಾರೆಂದು ಓಟು ಹಾಕಬಹುದಾಗಿತ್ತು. ಒಡೆದ ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಹಾಕುವುದು. ಯಾರ ಹೆಸರು ಹೆಚ್ಚು ಬಂತೋ ಅವನು ಹತ್ತು ವರ್ಷ ಊರು ಬಿಡಬೇಕು. ಅವನು ತಪ್ಪು ಮಾಡಿರಬೇಕೆಂದೇನೂ ಇಲ್ಲ. ವಿಚಾರಣೆಯಿಲ್ಲ, ಮನೆ ಹೊಲ ಅವನದೇ, ಹತ್ತು ವರ್ಷ ಕಳೆದ ಮೇಲೆ ವಾಪಸು ಬರಬಹುದು.

“ಎಂಗುಸ್ರೂ ಓಟಾಕ್ತಿದ್ರಾ?” ಯಾರೋ ಕೇಳಿದರು.

“ಇಲ್ಲ. ಹೆಂಗಸರಿಗೂ ಗುಲಾಮರಿಗೂ ಓಟಿರಲಿಲ್ಲ.”

ಎಂಟು ಮಚ್ಚುಗಳೂ ಒಟ್ಟಿಗೇ ನಿಂತವು.

“ಅಂಗಾರೆ ನಾವಾಕಣ ತಡಿ” ಎಂದಳು ಕೆಂಪಮ್ಮ. “ಮಡ್ಕೆ ಚೂರ್ಯಾಕೆ, ಕರಟದ ಗುಡ್ಡೆನೇ ಬಿದ್ದೈತಲ್ಲ ಇಲ್ಲಿ!”

ನನಗೋ ಖುಷಿಯೇ ಖುಷಿ. ಗ್ರೀಸ್ ದೇಶವೇ ನಡೆದುಕೊಂಡು ನಮ್ಮ ಹಿತ್ತಲಿಗೆ ಬಂದಂತೆ ಆಯಿತು. ಕಾನೂನು ಮಾಡಿದವಳು ನಾನೇ. ಹತ್ತು ವರ್ಷದ ಬದಲು ಹತ್ತು ದಿನ. ಹೆಚ್ಚು ಓಟು ಬಿದ್ದವಳು ಅಷ್ಟು ದಿನ ಆಚೆ ಹುಣಸೆಮರದ ಕೆಳಗೆ ಒಬ್ಬಳೇ ಕೂತು ಕೆಲಸ ಮಾಡಬೇಕು, ಯಾರೂ ಅವಳನ್ನು ಮಾತಾಡಿಸುವಂತಿಲ್ಲ. ಮುಕ್ಕಾಲು ಜನಕ್ಕೆ ಬರೆಯಲು ಬರುತ್ತಿರಲಿಲ್ಲವಾದ್ದರಿಂದ ಒಬ್ಬೊಬ್ಬರಿಗೆ ಒಂದೊಂದು ಗುರುತು ಕೊಟ್ಟೆ. ಕೆಂಪಮ್ಮನಿಗೆ ಬೊಟ್ಟು, ಸಿದ್ಗಂಗಮ್ಮನಿಗೆ ವಿಭೂತಿಯ ಹಾಗೆ ಮೂರು ಅಡ್ಡಗೆರೆ, ಹೀಗೆ. ಬಾಯಿಬಡುಕಿ ಕೆಂಪಮ್ಮನೇ ಹೋಗುತ್ತಾಳೆ, ಹತ್ತು ದಿನ ನನ್ನ ಓದಿಗೆ ನೆಮ್ಮದಿ ಎಂಬ ಸ್ವಾರ್ಥವೂ ಒಳಗೊಳಗೇ ಇತ್ತು. ಅವಳಿಗೂ ಅದೇ ಅನುಮಾನ. “ನಂಗೊತ್ತು ಕಣ್ರಮ್ಮಿ, ಎಲ್ಲಾ ನಂಗೇ ಆಕ್ತೀರಿ. ಆಕಿ ಆಕಿ” ಎಂದು ತಾನೇ ನಗುತ್ತಿದ್ದಳು.

ಮಧ್ಯಾಹ್ನ ಬುತ್ತಿ ಉಂಡ ಮೇಲೆ ಒಬ್ಬೊಬ್ಬರೇ ಗೋಣಿಚೀಲದ ಅಟ್ಟಿಯ ಹಿಂದೆ ಹೋಗಿ, ಮೊಳೆಯಿಂದ ಕರಟದ ಒಳಗೆ ಗೀಚಿ, ಬಿದಿರಿನ ಮಂಕರಿಗೆ ಹಾಕಿ ಬಂದರು. ಕೊನೆಯಲ್ಲಿ ಹೋದವಳು ಸಿದ್ಗಂಗಮ್ಮ. ನಾನು ಚುನಾವಣಾಧಿಕಾರಿಯ ಗತ್ತಿನಲ್ಲಿ ಮಂಕರಿಯನ್ನು ಮೂಲೆಗೆ ಒಯ್ದು ಒಂದೊಂದೇ ಮಗುಚಿದೆ.

ಮೊದಲನೆಯದು ಮೂರು ಗೆರೆ. ಎರಡನೆಯದೂ ಮೂರು ಗೆರೆ. ಮೂರನೆಯದೂ. ನಾಲ್ಕನೆಯದರ ಹೊತ್ತಿಗೆ ನನ್ನ ಮುಖದ ನಗು ಇಳಿದಿತ್ತು. ಎಂಟರಲ್ಲಿ ಆರು ಮೂರು ಗೆರೆ, ಒಂದು ಬೊಟ್ಟು. ಇನ್ನೊಂದರಲ್ಲಿ ಎರಡು ಸೊನ್ನೆ, ನಡುವೆ ಒಂದು ಗೀಟು. ಅಂಥ ಗುರುತು ನಾನು ಯಾರಿಗೂ ಕೊಟ್ಟಿರಲಿಲ್ಲವಲ್ಲ ಎಂದು ಯೋಚಿಸಿದೆ. ಅದು ನನ್ನ ಕನ್ನಡಕ.

ಕನ್ನಡಕ ಹೋಗಲಿ, ಆ ಆರು ಕರಟಗಳನ್ನು ಮತ್ತೆ ಮಗುಚಿ ನೋಡಿದೆ. ಸಿದ್ಗಂಗಮ್ಮ ಯಾರಿಗೆ ಏನು ಮಾಡಿದ್ದಳು? ಅಥೆನ್ಸಿನಲ್ಲೂ ಹೀಗೇ ಆಗಿತ್ತು. ನ್ಯಾಯವಂತ ಎಂದು ಊರೆಲ್ಲ ಕೊಂಡಾಡುತ್ತಿದ್ದ ಒಬ್ಬ ಸಜ್ಜನನನ್ನೇ ಓಡಿಸಿದರು. ಓದುಬರಹ ಬಾರದ ಒಬ್ಬ ರೈತ, ಎದುರಿಗಿರುವವನು ಆ ಸಜ್ಜನನೇ ಎಂದು ತಿಳಿಯದೆ, ಅವನ ಕೈಯಲ್ಲೇ ಅವನ ಹೆಸರು ಬರೆಸಿದನಂತೆ. ಅವನು ನಿನಗೇನು ಮಾಡಿದ್ದಾನೆ ಎಂದು ಕೇಳಿದರೆ, ಏನೂ ಇಲ್ಲ, ಎಲ್ಲರೂ ಅವನನ್ನು ಹೊಗಳುವುದು ಕೇಳಿ ಕೇಳಿ ಸಾಕಾಗಿದೆ ಎಂದನಂತೆ. ಐದು ಅಂಕದ ಪ್ರಶ್ನೆಗೆಂದು ಇದನ್ನು ಬಾಯಿಪಾಠ ಮಾಡಿದ್ದೆ. ಮೂರು ಸಲ ಗಟ್ಟಿಯಾಗಿ ಓದಿಯೂ ಇದ್ದೆ. ಓದಿದ್ದು ಬಾಯಿಗೆ ಬಂದಿತ್ತು, ಬುದ್ಧಿಗೆ ಬಂದಿರಲಿಲ್ಲ.

ಈಗ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಿದ್ಗಂಗಮ್ಮ ಒಂದು ಮಾತೂ ಆಡದೆ ಗೋಣಿತಟ್ಟು ಸುತ್ತಿಕೊಂಡು ಹುಣಸೆಮರದ ಕೆಳಗೆ ಹೋಗುತ್ತಾಳೆ. ಹತ್ತು ದಿನ ಕಳೆದರೂ ಮತ್ತೆ ಒಳಗೆ ಬರುವವಳಲ್ಲ. ಮನೆಯಲ್ಲಿ ಮಾತಿಗೊಂದು ಜೀವವಿಲ್ಲದವಳಿಗೆ ದಿನಕ್ಕೊಂದಿಷ್ಟು ಮನುಷ್ಯರ ಸದ್ದು ಸಿಗುತ್ತಿದ್ದುದು ಈ ಶೆಡ್ಡಿನಲ್ಲೇ. ಅದನ್ನು ಕಿತ್ತುಕೊಳ್ಳಲು ಹೊರಟವಳು ನಾನು, ಅದೂ ಆಟವೆಂದುಕೊಂಡು.

ಕರಟಗಳನ್ನೆಲ್ಲ ಗುಡ್ಡೆಗೆ ಸುರಿದು, ಕಲಸಿ, ಎದ್ದು ನಿಂತೆ. “ಎಂಟಕ್ಕೆ ಎಂಟೂ ಕನ್ನಡಕ ಕಣ್ರೇ! ಎಲ್ಲರೂ ಸೇರಿ ನನ್ನನ್ನೇ ಓಡಿಸಿದ್ದೀರಲ್ಲ!” ಎಂದು ಕೂಗಿದೆ.

ಸುಳ್ಳಿಗೂ ಒಂದು ಹದವಿರಬೇಕು. ಐದು ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಂಟಕ್ಕೆ ಎಂಟು ಎಂದಮೇಲೆ, ತಾನು ಕನ್ನಡಕ ಬರೆದಿಲ್ಲವೆಂದು ಗೊತ್ತಿದ್ದ ಏಳು ಜನರಿಗೂ ನಾನು ಸುಳ್ಳಿಯೆಂದು ತಿಳಿದುಹೋಯಿತು. ಆದರೆ ಹೇಳುವುದು ಹೇಗೆ? ನಾನು ಬರೆದದ್ದು ಬೇರೆ ಎಂದರೆ, ಯಾರ ಗುರುತು ಬರೆದೆ ಎಂಬ ಪ್ರಶ್ನೆ ಬರುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಆಗುತ್ತದೆ. ಎಲ್ಲರೂ ಕೈಯಲ್ಲಿದ್ದ ಕಾಯನ್ನೇ ದಿಟ್ಟಿಸುತ್ತ ಕೂತರು. ಚಪ್ಪಾಳೆ ತಟ್ಟಿದವಳು ಒಬ್ಬಳೇ, ಆ ವರ್ಷ ಊರಿಗೆ ಹೊಸ ಸೊಸೆಯಾಗಿ ಬಂದಿದ್ದ ಪುಟ್ಲಕ್ಷ್ಮಿ.

“ಅಯ್ ಶಿವ್ನೆ, ನಂಗೊಬ್ಳಿಗೇ ಅಂಗನ್ಸಿತ್ತು ಅನ್ಕಂಡಿದ್ದೆ. ಎಲ್ರುಗೂ ತಲೆನೋವ್ ಬಂದಿತ್ತಾ!”

ಕಾನೂನು ಕಾನೂನೇ. ಹುಣಸೆಮರ ಮಚ್ಚು ಹಿಡಿದವರಿಗೆ, ನಾನು ಪುಸ್ತಕ ಎತ್ತಿಕೊಂಡು ಮನೆಯೊಳಗೆ ಹೋದೆ. ಅಮ್ಮನಿಗೆ ಮತ್ತೆ ಸ್ಪಾರ್ಟಾದ ಮಕ್ಕಳ ಕಾಟ ಶುರುವಾಯಿತು. ಸಂಜೆ ಅಪ್ಪ ಎಂದಿನಂತೆ ಶೆಡ್ಡಿಗೆ ಹೋಗಿ ಎಂದಿನಂತೆ ಉಂಡೆ ಎತ್ತಿ ತೋರಿಸಿದರು.

ಮೂರನೆಯ ದಿನ ಬೆಳಿಗ್ಗೆ ಹಿತ್ತಲ ತೊಟ್ಟಿಯ ಹತ್ತಿರ ನೀರು ಕುಡಿಯಲು ಸಿದ್ಗಂಗಮ್ಮ ಬಂದಳು. ಸುತ್ತ ನೋಡಿ, ಮೆತ್ತಗೆ ಕೇಳಿದಳು.

“ಯಾಕವ್ವ ಸುಳ್ಳೇಳ್ದೆ?”

“ಯಾವ ಸುಳ್ಳು?”

“ನಾನೇ ಮೂರ್ ಗೆರೆ ಬರ್ದಿದ್ನಲ್ಲ.”

“ನಿನಗೆ ನೀನೇ ಯಾಕೆ ಹಾಕಿಕೊಂಡೆ ಸಿದ್ಗಂಗಮ್ಮ?”

“ಇನ್ಯಾರ್ಗಾಕ್ಲಿ? ನಿಮ್ಮಪ್ಪಾರು ದಿನಾ ನನ್ ಉಂಡೆ ತೋರುಸ್ತಾರೆ. ತೋರಿಸ್ದಂಗೆಲ್ಲ ಅವ್ರು ಒಂದೊಂದ್ ಮಾರು ದೂರಾಯ್ತಾರೆ. ಎಲೆಅಡ್ಕೆ ಚೀಲ ಎಲ್ಲಾರ್ತಾವೂ ಓಯ್ತದೆ, ನನ್ತಾವ ಬರಲ್ಲ. ಎಂಗಿದ್ರೂ ಒಬ್ಳೇ ಕುಂತಿರ್ತೀನಿ. ಮರದ್ ಬುಡ್ದಾಗಾದ್ರೆ ಗಾಳಿನಾರ ಆಡ್ತದೆ ಅಂತ ಆಕ್ದೆ.” ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಕಡೆ ನೋಡದೆ ಕೇಳಿದಳು. “ಇನ್ನೂ ಎಷ್ಟ್ ಜನ ಆಕಿದ್ರವ್ವ?”

“ಯಾರೂ ಇಲ್ಲ. ನೀನೊಬ್ಬಳೇ.”

“ಓದ್ದೋರ್ಗೆ ಸುಳ್ಳೇಳಕ್ ಬರಲ್ಲ ಬುಡು” ಎಂದು ಹೊರಟುಹೋದಳು.

ನನಗೆ ನಾಚಿಕೆಯಾಯಿತು. ಎರಡೂವರೆ ಸಾವಿರ ವರ್ಷದ ಹಿಂದಿನವರು ಏನು ಉಂಡರು, ಏನು ಉಟ್ಟರು, ಯಾವ ದೇವರಿಗೆ ಹೆದರಿದರು ಎಂದು ವಾರಗಟ್ಟಲೆ ಅದೇ ಶೆಡ್ಡಿನಲ್ಲಿ ಓಡಾಡಿಕೊಂಡು ಓದಿದವಳು ನಾನು. ಒಂದು ಎಲೆಅಡಿಕೆ ಚೀಲ ಬಾಗಿಲವರೆಗೆ ಬರುತ್ತಿಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಮಧ್ಯಾಹ್ನ ಅಪ್ಪ ಮುದ್ದೆ ಮುರಿಯುತ್ತಿದ್ದಾಗ ಹೇಳಿದೆ. “ಅಪ್ಪ, ಇನ್ನುಮೇಲೆ ಸಿದ್ಗಂಗಮ್ಮನ್ನ ಹೊಗಳಬೇಡಿ.”

“ಯಾಕೆ? ಕೆಲ್ಸ ಕೆಟ್ಟೈತಾ?”

“ಕೆಲಸ ಚೆನ್ನಾಗೇ ಇದೆ. ನೀವು ಹೊಗಳಿ ಹೊಗಳಿ ಅವಳ ಜೊತೆ ಯಾರೂ ಸೇರ್ತಿಲ್ಲ.”

ಅಪ್ಪ ಮಜ್ಜಿಗೆಯವರೆಗೂ ಯೋಚಿಸಿದರು. “ಹೊಗಳ್ದೆ ಇನ್ನೇನ್ ಮಾಡ್ಲಿ? ಬಯ್ಲಾ?”

“ಏನೂ ಮಾಡಬೇಡಿ. ಸುಮ್ಮನಿದ್ದುಬಿಡಿ.”

ಅತಿಯಾಗಿ ಏನೂ ಬೇಡ ಎಂದು ಡೆಲ್ಫಿಯ ಗುಡಿಯಲ್ಲಿ ಕೆತ್ತಿದ್ದರಂತೆ. ಅಪ್ಪ ಆ ಗುಡಿಗೆ ಹೋದವರಲ್ಲ. ಸಂಜೆ ಅವರು ಶೆಡ್ಡಿನ ಕಡೆ ನಡೆದ ಬಿರುಸು ನೋಡಿಯೇ ನನಗೆ ಭಯವಾಗಿ ಅಡುಗೆಮನೆಯ ಕಿಟಕಿಗೆ ಓಡಿದೆ. ಬಾಗಿಲಲ್ಲೇ ನಿಂತು, ಸಿದ್ಗಂಗಮ್ಮನ ರಾಶಿಯಿಂದ ಒಂದು ಉಂಡೆ ಎತ್ತಿ, ಕೆಮ್ಮಿ, ಸ್ಕೂಲ್ ನಾಟಕದಲ್ಲಿ ರಾಜನ ಪಾರ್ಟು ಹಾಕಿದವರಂತೆ ಗುಡುಗಿದರು.

“ಏನಮ್ಮ ಸಿದ್ಗಂಗಮ್ಮ, ಇದೂ ಒಂದ್ ಕೆಲ್ಸಾನಾ? ಯಾವನ್ ತಗೋತಾನೆ ಇದನ್ನ?”

ಸಿದ್ಗಂಗಮ್ಮನ ತಲೆ ಮಂಡಿಯವರೆಗೆ ಬಾಗಿತು. ಅಯ್ಯೋ, ಇದ್ದದ್ದನ್ನೂ ಕೆಡಿಸಿದೆನಲ್ಲಪ್ಪ ಎಂದು ನಾನು ಕಿಟಕಿಯ ಸರಳು ಹಿಡಿದುಕೊಂಡು ನಿಂತೆ.

ಕೆಂಪಮ್ಮ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಏನಾಗೈತೆ ಯಜಮಾನ್ರೆ ಅದ್ಕೆ? ಕೊಡಿ ಇತ್ಲಾಗೆ.” ಅಪ್ಪನ ಕೈಯಿಂದ ಉಂಡೆ ಕಿತ್ತುಕೊಂಡು, ತಿರುಗಿಸಿ ತಿರುಗಿಸಿ, ಉಳಿದವರಿಗೆಲ್ಲ ಎತ್ತಿ ತೋರಿಸಿದಳು. “ನೋಡ್ರಮ್ಮಿ, ಒಂದ್ ಗೀರೈತಾ ಇದ್ರಾಗೆ? ಸುತ್ತೇಳು ಊರ್ನಾಗೆ ಇಂಗೆ ಉಂಡೆ ತೆಗಿಯೋಳ್ನ ಇನ್ನೊಬ್ಳ್ನ ತೋರ್ಸಿ ಯಜಮಾನ್ರೆ, ನಾನು ಮಚ್ ಮಡುಗ್ಬುಟ್ಟು ಮನೀಗೋಯ್ತೀನಿ!”

“ಊಂ ಮತ್ತೆ! ಬೆಳಗಿಂದ ಬಗ್ಗಿಸ್ದ್ ತಲೆ ಎತ್ತಿಲ್ಲ ಆಯಮ್ಮ!” ಎಂದಳು ಇನ್ನೊಬ್ಬಳು.

“ನ್ಯಾಯ ಬ್ಯಾಡ್ವಾ ಸ್ವಾಮಿ ನಿಮ್ಗೆ?” ಎಂದಳು ಪುಟ್ಲಕ್ಷ್ಮಿ.

ಏಳೂ ಜನ ಎದ್ದು ನಿಂತಿದ್ದರು. ಅಪ್ಪ ಹಿಂದೆ ಹಿಂದೆ ಹೆಜ್ಜೆಯಿಟ್ಟು, ಮಂಕರಿಗೆ ಎಡವಿ, ನೇರ ಅಡುಗೆಮನೆಗೇ ಬಂದರು. “ಒಂದ್ ಮಾತಂದಿದ್ದಕ್ಕೆ ಏಳ್ ಮಚ್ಚು ಎದ್ದೋ ಕಣೇ” ಎಂದು ಏದುಸಿರು ಬಿಡುತ್ತಿದ್ದರು. ಮುಖದಲ್ಲಿ ಮಾತ್ರ ಹೇಳತೀರದ ಸಂತೋಷ.

ಅಲ್ಲಿ ಕೆಂಪಮ್ಮನ ಗಂಟಲು ಇನ್ನೂ ಇಳಿದಿರಲಿಲ್ಲ. “ನೀನ್ಯಾಕ್ ಬಾಗ್ಲಾಗ್ ಕುಂತಿದ್ದೀಯ, ಓಗೋರ್ ಬರೋರ್ತಾವ ಬೈಸ್ಕಳಕ್ಕಾ? ಬಾ ಇತ್ಲಾಗೆ” ಎಂದು ತನ್ನ ಪಕ್ಕದ ಕರಟಗಳನ್ನು ಕಾಲಿನಿಂದ ಸರಿಸಿ ಜಾಗ ಮಾಡಿದಳು. ಸಿದ್ಗಂಗಮ್ಮ ಗೋಣಿತಟ್ಟು ಎಳೆದುಕೊಂಡು ಶೆಡ್ಡಿನ ನಡುವಿಗೆ ಹೋದಳು.

ನನಗೆ ತಡೆಯಲಾಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ಕಾನೂನು ಗೀನೂನು ಎಲ್ಲ ಮರೆತು, ಅಂಗಳ ದಾಟಿ ಓಡಿ ಶೆಡ್ಡಿನ ಹೊಸ್ತಿಲ ಮೇಲೆ ಕಾಲಿಟ್ಟೆ. ಎಂಟು ಜನ ಗುಂಪಾಗಿ ಕೂತಿದ್ದರು. ಕೆನ್ನೆಯಲ್ಲಿ ಎಲೆಅಡಿಕೆ ಇಟ್ಟುಕೊಂಡಿದ್ದ ಸಿದ್ಗಂಗಮ್ಮ ತಲೆಯೆತ್ತಿ ನನ್ನನ್ನು ನೋಡಿದಳು. ಅಷ್ಟು ವರ್ಷದಲ್ಲಿ ಅವಳು ದನಿಯೆತ್ತಿದ್ದನ್ನು ನಾವು ಯಾರೂ ಕೇಳಿರಲಿಲ್ಲ.

“ಏ ನಿಮ್ಲವ್ವ! ಇನ್ನೂ ಏಳ್ ದಿನ ಐತೆ! ಮನಿಯೊಳೀಕ್ ನಡಿ!”

ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ನಾನು ಹೊಸ್ತಿಲಿಂದ ಕಾಲು ತೆಗೆದು ಮನೆಯೊಳಗೆ ಹೋದೆ.